ಮಗುವಿನ ಪ್ರಶ್ನೆಯೂ ಹಿರಿಯರ ಹೊಣೆಯೂ

ತುಮಕೂರು, ಗುಬ್ಬಿ, ಕುಣಿಗಲು ಸೀಮೆಯ ಹಳ್ಳಿಗಳಲ್ಲಿ ಮಗುವು ಅಂಗನವಾಡಿಯಿಂದ ಮನೆಗೆ ಬಂದೊಡನೆ ತಾಯಿಯು, "ಇವತ್ತು ಎಷ್ಟು ಅಕ್ಷರ ಬರೆದೆ?" ಎಂದು ಕೇಳುವದುಂಟು. ಮಗುವು, "ತೆಂಗಿನ ಹೀಚು ಎಣಿಸಿದೆವು" ಅಂದರೆ ಆಕೆಯ ಮುಖವು ಬಾಡುವದು. ಹೀಗೆ ಬಾಡುವದು ನ್ಯಾಯವೋ ಎಂಬದನ್ನು ಸ್ವಲ್ಪ ವಿಚಾರಿಸೋಣ.

ಎಳೆಯ ಮಕ್ಕಳು ತಾವೇ ಎತ್ತಿದ ಪ್ರಶ್ನೆಯನ್ನು ಹಿಡಿದು ಹಲವು ದಿನ ಹುಡುಕಿ ಕಲಿಯುವ ಕ್ರಮವು ನಿನ್ನೆ ಮೊನ್ನೆಯದಲ್ಲ. ಜರ್ಮನಿಯ ಫ್ರೋಬೆಲನು 1837ರಲ್ಲಿ ಚಿಕ್ಕವರಿಗಾಗಿ ಶಾಲೆಯನ್ನು ತೆರೆದು, ಅನಂತರ ಅದಕ್ಕೆ ಮಕ್ಕಳ ತೋಟವೆಂಬ ಅರ್ಥದ ಹೆಸರನ್ನಿಟ್ಟನು. ಅಮೇರಿಕದ ಕಿಲ್‌ಪ್ಯಾಟ್ರಿಕನು ಮಕ್ಕಳು ಮನಃಪೂರ್ವಕವಾಗಿ ಕೈಗೊಳ್ಳುವ ಕಾರ್ಯದಿಂದ ಕಲಿಯುವ ಪದ್ಧತಿಯನ್ನು 1918ರಲ್ಲಿ ವಿವರಿಸಿದನು. ನಮ್ಮ ದೇಶದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರುಷದವರು ಆಟದಿಂದಲೂ ಹುಡುಕಾಟದಿಂದಲೂ ಕಲಿಯಬೇಕೆನ್ನುತ್ತದೆ.

ದೃಷ್ಟಾಂತಕ್ಕಾಗಿ ಹೀಗೆ ಎಣಿಸಿರಿ. ಗುಬ್ಬಿಯ ಬಳಿ ಒಂದು ಮಗುವು ತೋಟದಲ್ಲಿ ಉದುರಿದ ಹೀಚನ್ನು ತಂದು, "ಟೀಚರ್, ಇದು ಯಾಕೆ ಬಿತ್ತು?" ಅನ್ನುತ್ತದೆ. "ಗಾಳಿಗೆ ಬಿತ್ತು, ಕೂತುಕೋ" ಅಂದರೆ ಪ್ರಶ್ನೆಯೂ ಅಲ್ಲಿಯೇ ಉದುರುವದು. "ನಿನಗೇನು ತೋರುತ್ತದೆ?" ಅಂದರೆ ಮಾರನೆಯ ದಿನ ಮಕ್ಕಳೆಲ್ಲರೂ ಹೀಚುಗಳನ್ನು ತರುವರು, ಸಣ್ಣದು ದೊಡ್ಡದೆಂದು ವಿಂಗಡಿಸುವರು, ಎಣಿಸುವರು, ಹಗ್ಗದಿಂದ ಮರದ ಸುತ್ತಳತೆ ಹಿಡಿಯುವರು. ಕೊನೆಗೆ ತೋಟದ ಅಜ್ಜನನ್ನು ಕೇಳುವರು. ಮರವು ಹೊರಲಾರದಷ್ಟು ಕಚ್ಚಿದಾಗಲೂ, ನೀರು ಸಾಲದಾಗಲೂ, ಹುಳು ಬಿದ್ದಾಗಲೂ ಹೀಚು ಉದುರುತ್ತದೆಂದು ಆತನು ತಿಳಿಸುವನು.

ಆದರೆ ಒಬ್ಬ ತಂದೆಯು ಹೀಗನ್ನಬಹುದು: "ಅಕ್ಷರ ಬಾರದ್ದರಿಂದ ನಮ್ಮಪ್ಪ ಯಾರೋ ಬರೆದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಹೊಲ ಕಳಕೊಂಡ. ಪುಸ್ತಕವಿರುವ ಮನೆಯ ಮಕ್ಕಳು ಆಡಲಿ. ನನ್ನ ಮಗುವಿಗೆ ಆಡಲು ಹೊತ್ತೆಲ್ಲಿ?" ಈ ಮಾತನ್ನು ನಕ್ಕು ತಳ್ಳಿಬಿಡಬಾರದು, ಅದರಲ್ಲಿ ಕಣ್ಣೀರಿದೆ. ಆದರೂ ಯೋಚಿಸಿರಿ. ಆ ಮುದುಕನಿಗೆ ಕೊರತೆಯಾದದ್ದು ಅಕ್ಷರ ಮಾತ್ರವೋ? "ಇದರಲ್ಲಿ ಏನು ಬರೆದಿದೆ, ಸ್ವಾಮಿ?" ಎಂದು ಕೇಳುವ ಧೈರ್ಯವನ್ನೂ ಚಿಕ್ಕಂದಿನಲ್ಲಿಯೇ ಆತನಿಂದ ಕಿತ್ತುಕೊಂಡಿದ್ದರು. ಅಕ್ಷರ ಬಂದರೂ ಕೇಳಲಾರದವನು ಇಂದಿಗೂ ಓದದೆ ರುಜು ಹಾಕುತ್ತಾನೆ.

ಹಾಗೆಂದು ಎಲ್ಲವನ್ನೂ ಮಗುವಿನ ಇಷ್ಟಕ್ಕೆ ಬಿಡತಕ್ಕದ್ದಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುವದೂ ಕೆರೆಯ ನೀರಿಗೆ ಒಂಟಿಯಾಗಿ ಇಳಿಯದಿರುವದೂ ಮಗುವು ತೀರ್ಮಾನಿಸುವ ಸಂಗತಿಗಳಲ್ಲ. ಎಣಿಸುವಾಗ ಅಂಕಿಯನ್ನೂ ಹೆಸರಿಡುವಾಗ ಅಕ್ಷರವನ್ನೂ ಸಮಯವರಿತು ಮುಂದಿಡುವದು ಕಲಿಸುವವರ ಹೊಣೆ. ಮಕ್ಕಳನ್ನು ಆಟಕ್ಕೆ ಬಿಟ್ಟು ಹಿರಿಯರು ಸುಮ್ಮನೆ ಕೂತರೆ ಅದು ಸ್ವಾತಂತ್ರ್ಯವಲ್ಲ, ಅಲಕ್ಷ್ಯವೇ. ಮಗುವನ್ನು ಹಿಂಬಾಲಿಸುವವರು ಮಗುವಿಗಿಂತ ಹೆಚ್ಚು ಎಚ್ಚರವಾಗಿರಬೇಕು.

ಆದದರಿಂದ ತಂದೆತಾಯಿಗಳೇ, ಈ ಸಾಯಂಕಾಲ "ಎಷ್ಟು ಬರೆದೆ?" ಎಂಬದರ ಸಂಗಡ "ಯಾವ ಪ್ರಶ್ನೆ ಕೇಳಿದೆ?" ಎಂದೂ ವಿಚಾರಿಸಿರಿ. ಒಲೆಯ ಮುಂದೆ ಕೂತಿದ್ದರೂ ಸರಿಯೇ, ಮಗುವಿನ ಮಾತು ಮುಗಿಯುವ ತನಕ ಕಿವಿಗೊಡಿರಿ.