ಗೊತ್ತಿದ್ದೂ ಹೇಳದಿರುವುದು

ಕಳೆದ ಮಳೆಗಾಲದಲ್ಲಿ ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಹಳೆಯ ‘ವೇರ್ಸ್ ವಾಲಿ?’ ಪುಸ್ತಕವೊಂದು ಸಿಕ್ಕಿತು. ಮನೆಗೆ ತಂದು ಒಂಬತ್ತು ವರ್ಷದ ಮಗಳ ಕೈಗೆ ಕೊಟ್ಟೆ. ಎರಡೇ ನಿಮಿಷಕ್ಕೆ ಅಳುಮುಖ ಮಾಡಿಕೊಂಡು ಬಂದಳು. ಹಿಂದೆ ಈ ಪುಸ್ತಕ ಯಾರದ್ದಾಗಿತ್ತೋ, ಆ ಮಗು ಮೊದಲ ಎರಡು ಚಿತ್ರಗಳಲ್ಲಿ ವಾಲಿಯ ಸುತ್ತ ನೀಲಿ ಬಾಲ್‌ಪೆನ್ನಿನಿಂದ ಸೊನ್ನೆ ಸುತ್ತಿಟ್ಟಿತ್ತು. “ಅಪ್ಪಾ, ಯಾರೋ ನನ್ನ ಆಟ ಆಡಿ ಮುಗಿಸಿಬಿಟ್ಟಿದ್ದಾರೆ” ಎಂದಳು.

ನೋಡದವರಿಗೆ ಒಂದು ಮಾತು. ಇಂಗ್ಲೆಂಡಿನ ಚಿತ್ರಕಾರ ಮಾರ್ಟಿನ್ ಹ್ಯಾಂಡ್‌ಫರ್ಡ್ 1987ರಲ್ಲಿ ತಂದ ಪುಸ್ತಕ ಇದು. ಅಮೆರಿಕದಲ್ಲಿ ಇದೇ ವಾಲಿಗೆ ವಾಲ್ಡೊ ಎಂದು ಹೆಸರು. ಎರಡು ಪುಟ ತುಂಬ ಜಾತ್ರೆಯಂಥ ಜನಜಂಗುಳಿ. ಅದರ ನಡುವೆ ಎಲ್ಲೋ ಕೆಂಪು ಬಿಳಿ ಪಟ್ಟೆಯ ಅಂಗಿ, ಟೋಪಿ, ಕನ್ನಡಕ ಹಾಕಿದ ವಾಲಿ. ಅವನನ್ನು ಹುಡುಕಬೇಕು, ಅಷ್ಟೇ. ಹುಡುಕುತ್ತಾ ಹೋದರೆ ಜಾರಿ ಬೀಳುವವನು, ಜಗಳವಾಡುವವನು, ಹೀಗೆ ನೂರು ಸಣ್ಣ ತಮಾಷೆಗಳು ಕಣ್ಣಿಗೆ ಬೀಳುತ್ತವೆ.

ಅವಳನ್ನು ಸಮಾಧಾನ ಮಾಡಲು ಟ್ಯಾಬ್‌ನಲ್ಲಿ ಇಂಥದ್ದೇ ಹುಡುಕುವ ಆಟವೊಂದನ್ನು ಹಾಕಿಕೊಟ್ಟೆ. ಅದರ ಮೇಲೆ ಯಾರೂ ಸೊನ್ನೆ ಸುತ್ತುವಂತಿಲ್ಲ. ವಾಲಿಯನ್ನು ಪ್ರತಿ ಸಲ ಬೇರೆ ಜಾಗದಲ್ಲಿ ಅಡಗಿಸುವುದು ಕಂಪ್ಯೂಟರಿಗೆ ಕಷ್ಟವೇ ಅಲ್ಲ. ನನ್ನೊಳಗಿನ ಪ್ರಾಜೆಕ್ಟ್ ಮ್ಯಾನೇಜರ್ ಕೂಡಲೇ ಲೆಕ್ಕ ಹಾಕಿದ: ಒಂದು ಚಿತ್ರ, ಅದರಲ್ಲೊಬ್ಬ ಮನುಷ್ಯ, ಮುಟ್ಟಿದರೆ ಸರಿಯೋ ತಪ್ಪೋ ಹೇಳುವ ಕೋಡ್. ಪುಸ್ತಕವನ್ನು ವಿಡಿಯೊ ಗೇಮ್ ಮಾಡುವುದಾದರೆ ಇದಕ್ಕಿಂತ ಸುಲಭದ ಕೆಲಸ ಉಂಟೇ?

ಹಾಗೆ ಅಂದುಕೊಂಡವರು ಮೊದಲೂ ಇದ್ದರು. 1991ರಲ್ಲಿ ನಿಂಟೆಂಡೊದ ಎನ್‌ಇಎಸ್ ಯಂತ್ರಕ್ಕೆ ‘ವೇರ್ಸ್ ವಾಲ್ಡೊ?’ ಎಂಬ ಆಟ ಬಂತು. ಆ ಯಂತ್ರದ ತೆರೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕಿಗಳು ಮಾತ್ರ. ಜಾತ್ರೆಯನ್ನು ಅಷ್ಟರಲ್ಲಿ ತುಂಬಿದರೆ ಒಬ್ಬೊಬ್ಬರಿಗೆ ಬೆರಳೆಣಿಕೆಯ ಚುಕ್ಕಿಗಳು ಸಿಗುತ್ತವೆ. ಮುಖ ಯಾವುದು, ಟೋಪಿ ಯಾವುದು ತಿಳಿಯದು. ತಮಾಷೆಗೆ ಅಲ್ಲಿ ಜಾಗವೇ ಇಲ್ಲ. ಆ ಕೊರತೆ ತುಂಬಲೋ ಏನೋ, ಪುಸ್ತಕದಲ್ಲಿಲ್ಲದ ಒಂದು ವಸ್ತುವನ್ನು ತಂದಿಟ್ಟರು: ಓಡುವ ಗಡಿಯಾರ.

ಚುಕ್ಕಿಗಳ ಸಮಸ್ಯೆ ಈಗಿಲ್ಲ. ಗಡಿಯಾರವೂ ಇರಲೇಬೇಕೆಂದಿಲ್ಲ. 2017ರಲ್ಲಿ ಆಡ್ರಿಯಾನ್ ಡಿ ಯೋಂಗ್ ಮತ್ತು ಸಿಲ್ವೇನ್ ಟೆಗ್ರೂಗ್ ಮಾಡಿದ ‘ಹಿಡನ್ ಫೋಕ್ಸ್’ ಆಡಿ ನೋಡಿ. ಕೈಯಲ್ಲಿ ಬರೆದ ಕಪ್ಪು ಬಿಳುಪು ಚಿತ್ರಗಳು, ಬಾಯಲ್ಲೇ ಮಾಡಿದ ಸದ್ದುಗಳು. ಪೊದೆ ಮುಟ್ಟಿದರೆ ಸರಿಯುತ್ತದೆ, ಬಾಗಿಲು ಮುಟ್ಟಿದರೆ ತೆರೆಯುತ್ತದೆ. ಅವಸರವಿಲ್ಲ. ಚಿತ್ರದ ಒಗಟು ಆಟವಾಗಿ ಚೆನ್ನಾಗಿ ನಿಲ್ಲಬಲ್ಲದು ಎಂದು ಒಪ್ಪಿಕೊಳ್ಳಲು ನನಗೆ ಇದೊಂದೇ ಸಾಕು.

ಆದರೂ ಏನೋ ಒಂದು ಉಳಿದುಹೋಗುತ್ತಿದೆ ಅನ್ನಿಸುತ್ತಿತ್ತು. ಅದೇನೆಂದು ಗೊತ್ತಾದದ್ದು ಒಂದು ಭಾನುವಾರ.

ಮಗಳು ಆಗಲೇ ಪುಸ್ತಕದ ಉಳಿದ ಪುಟಗಳನ್ನೆಲ್ಲ ಮುಗಿಸಿದ್ದಳು. ಐದು ವರ್ಷದ ತಮ್ಮ ಪಕ್ಕದಲ್ಲಿ ಕೂತು ಅವುಗಳಲ್ಲೊಂದು ಪುಟ ಬಿಡಿಸಿದ್ದ. “ಅಕ್ಕಾ, ಸಿಕ್ಕಿದ!” ಎಂದು ಬೇರೆ ಯಾರನ್ನೋ ತೋರಿಸಿದ. “ಅವನಿಗೆ ಕನ್ನಡಕ ಇದೆಯೇನೋ?” ಎಂದಳು. ಅವನು ಮತ್ತೆ ಹುಡುಕತೊಡಗಿದ. ಅವನ ಬೆರಳು ವಾಲಿಯ ಹತ್ತಿರ ಹೋದಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು, ದಾಟಿ ಹೋದಾಗ ತುಟಿ ಕಚ್ಚುತ್ತಿದ್ದಳು. ಕಣ್ಣನ್ನು ಬೇಕೆಂದೇ ಬೇರೆ ಮೂಲೆಗೆ ತಿರುಗಿಸಿಕೊಂಡಿದ್ದಳು, ಅವಳ ನೋಟ ಹಿಡಿದು ಅವನು ಕಂಡುಹಿಡಿಯದಿರಲಿ ಎಂದು. ನಾನು ಬೆರಳು ಎತ್ತಿದೆ. “ಅಪ್ಪಾ, ಹೇಳ್ಬೇಡ!” ಎಂದು ಗದರಿದಳು.

ಪುಸ್ತಕಕ್ಕೆ ಬಾಯಿಲ್ಲ. ನೀವು ತೋರಿಸಿದ್ದು ಸರಿಯೋ ತಪ್ಪೋ ಅದು ಹೇಳುವುದಿಲ್ಲ. ಹಾಗಾಗಿ ಇನ್ನೊಬ್ಬರು ಬೇಕಾಗುತ್ತಾರೆ: ಮೊದಲೇ ಕಂಡವರು, ಕಂಡೂ ಬಾಯಿಬಿಡದವರು. ಟ್ಯಾಬ್‌ನಲ್ಲಿ ಆ ಕೆಲಸ ಯಂತ್ರದ್ದು. ಸರಿಯಾದರೆ ‘ಟಿಂಗ್’ ಎನ್ನುತ್ತದೆ, ತೋಚದಿದ್ದರೆ ಸುಳಿವಿನ ಬಟನ್ ಇರುತ್ತದೆ. ಇಬ್ಬರು ಒಂದೇ ತೆರೆಯ ಮುಂದೆ ಕೂರಬಾರದೆಂದೇನಿಲ್ಲ, ನಮ್ಮ ಮನೆಯಲ್ಲೂ ಕೂರುತ್ತಾರೆ. ಆದರೆ ಅಕ್ಕ ಹೂಂ ಅನ್ನುವ ಮೊದಲೇ ಯಂತ್ರ ಅಂದಿರುತ್ತದೆ. ಗೊತ್ತಿದ್ದೂ ಹೇಳದೆ ಇನ್ನೊಬ್ಬರಿಗಾಗಿ ಕಾಯುವ ಆ ಸಣ್ಣ ಸಂಯಮಕ್ಕೆ ಅಲ್ಲಿ ಅಗತ್ಯ ಬೀಳುವುದಿಲ್ಲ. ಅಗತ್ಯ ಬೀಳದ್ದನ್ನು ಮಕ್ಕಳು ಎಲ್ಲಿ ಕಲಿಯಬೇಕು?

ಮಕ್ಕಳ ಮಾತು ಬಿಡಿ. ಆ ಭಾನುವಾರ ನನಗೆ ನೆನಪಾದದ್ದು ನನ್ನ ತಂಡದ ಹುಡುಗನೊಬ್ಬ. ಕಾಲೇಜು ಮುಗಿಸಿ ಸೇರಿ ಆರು ತಿಂಗಳಾಗಿತ್ತು. ಎರಡು ದಿನದಿಂದ ಒಂದು ಬಗ್ ಬೆನ್ನು ಹತ್ತಿದ್ದ. ಹಿಂದಿನಿಂದ ಹೋಗಿ ನೋಡಿದೆ, ಯಾವ ಸಾಲಿನಲ್ಲಿದೆ ಎಂದು ನನಗೆ ಹೊಳೆಯಿತು, ಹೇಳಿ ಬಂದೆ. ಉಪಕಾರ ಮಾಡಿದೆ ಎಂದುಕೊಂಡಿದ್ದೆ. ಸಂಜೆ ಚಹಾ ಕುಡಿಯುವಾಗ ಅವನು ಮೆಲ್ಲಗೆ, “ಸರ್, ಇನ್ನರ್ಧ ಗಂಟೆ ಬಿಟ್ಟಿದ್ದರೆ ನನಗೇ ಸಿಗ್ತಿತ್ತು” ಎಂದ. ಅವತ್ತು ಗಡುವೇನೂ ತಲೆಯ ಮೇಲಿರಲಿಲ್ಲ. ನೀಲಿ ಪೆನ್ನಿನಿಂದ ಸೊನ್ನೆ ಸುತ್ತಿದ ಮಗು ನಾನೇ.

ಎಲ್ಲ ಹೊತ್ತಿನಲ್ಲೂ ಸುಮ್ಮನಿರುವುದು ದೊಡ್ಡತನವಲ್ಲ. ಗಿರಾಕಿಯ ಸರ್ವರ್ ಬಿದ್ದಿರುವಾಗ ಉತ್ತರ ಇಟ್ಟುಕೊಂಡು ಕೂತರೆ ಅದು ಕ್ರೌರ್ಯ. ತಮ್ಮ ನಿಜಕ್ಕೂ ಸೋತು ಅಳತೊಡಗಿದರೆ ಅಕ್ಕ ಬೆರಳು ಇಡಲೇಬೇಕು. ಯಾವಾಗ ತಡೆದುಕೊಳ್ಳಬೇಕು, ಯಾವಾಗ ತಡೆದುಕೊಳ್ಳಬಾರದು ಎಂದು ಎದುರಿನವರ ಮುಖ ನೋಡಿಯೇ ತಿಳಿಯಬೇಕು.

ಅವತ್ತು ತಮ್ಮನಿಗೆ ಹದಿನೈದು ನಿಮಿಷ ಹಿಡಿಯಿತು. ಸಿಕ್ಕಾಗ ಅವನಿಗಿಂತ ಜೋರಾಗಿ ಕೂಗಿದವಳು ಅವಳು. ಆಮೇಲೆ ಆ ಮೊದಲ ಎರಡು ಚಿತ್ರಗಳ ಸೊನ್ನೆಯನ್ನು ರಬ್ಬರಿನಿಂದ ಉಜ್ಜಲು ಕೂತಳು. ಬಾಲ್‌ಪೆನ್ ಹೋಗುವುದಿಲ್ಲ ಎಂದೆ. ಆಗ ಬೇರೆ ಕಪ್ಪು ಪೆನ್ನು ತಂದು, ವಾಲಿಯಲ್ಲದ ಇಪ್ಪತ್ತು ಮಂದಿಯ ಸುತ್ತ ಸೊನ್ನೆ ಸುತ್ತಿದಳು. ಒಂದು ನೀಲಿ, ಇಪ್ಪತ್ತು ಕಪ್ಪು. “ಅಯ್ಯೋ, ನೀಲಿಯದು ಒಂದೇ ಇದೆ, ಅವನಿಗೆ ಗೊತ್ತಾಗಿಬಿಡುತ್ತೆ” ಎಂದು ಅವಳಿಗೇ ಹೊಳೆಯಿತು. ಈಗ ನೀಲಿ ಪೆನ್ನು ಹುಡುಕುತ್ತಿದ್ದಾಳೆ. ಅದು ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲಿದೆ. ನಾನು ಹೇಳಿಲ್ಲ.