ಹಾಸಿಗೆ ಮೊದಲು, ಕಾಲು ಆಮೇಲೆ

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕನ್ನಡಿಗರು ಬಹುಮಟ್ಟಿಗೆ ದುಡ್ಡಿನ ವಿಷಯಕ್ಕೇ ಮೀಸಲಿಟ್ಟಿದ್ದಾರೆ. ಸಾಲ ಮಾಡಿ ಅದ್ದೂರಿ ಮದುವೆ ಮಾಡುವವರಿಗೆ, ಕಂತಿನಲ್ಲಿ ಕಾರು ಕೊಳ್ಳುವವರಿಗೆ ಹಿರಿಯರು ಹೇಳುವ ಬುದ್ಧಿಮಾತು ಇದು. ಆದರೆ ಗಾದೆಯಲ್ಲಿ ದುಡ್ಡಿನ ಹೆಸರೇ ಇಲ್ಲ. ಅಲ್ಲಿರುವುದು ಒಂದಿಷ್ಟು ಜಾಗ, ಅದರೊಳಗೆ ಹಿಡಿಸಬೇಕಾದ ಮೈ, ಮತ್ತು ಈ ಎರಡರಲ್ಲಿ ಯಾವುದನ್ನು ಮೊದಲು ನೋಡಬೇಕು ಎಂಬ ಕ್ರಮ. ಬೀರುವಿನ ಬಾಗಿಲು ತೆಗೆದರೆ ಬಟ್ಟೆ ಮೈಮೇಲೆ ಬೀಳುವ, ಅಟ್ಟದ ಮೇಲಿನ ಡಬ್ಬಗಳಲ್ಲಿ ಏನಿದೆಯೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲದ ಈ ಕಾಲಕ್ಕೆ ಗಾದೆಯನ್ನು ಹೀಗೆ ಜಾಗದ ಮಾತಾಗಿ ಓದಿಕೊಳ್ಳುವುದು ಹೆಚ್ಚು ಉಪಯುಕ್ತ.

ಬೆಂಗಳೂರು, ಮೈಸೂರುಗಳ ಮಧ್ಯಮ ವರ್ಗದವರಿಗೆ ತಮ್ಮ ‘ಹಾಸಿಗೆ’ಯ ಅಳತೆ ಬಾಯಿಪಾಠ. ಮೂವತ್ತು-ನಲವತ್ತರ ಸೈಟೆಂದರೆ 1,200 ಚದರಡಿ, ಇಪ್ಪತ್ತು-ಮೂವತ್ತರದ್ದಾದರೆ 600. ಗೋಡೆ, ಮೆಟ್ಟಿಲು, ಗಾಡಿ ನಿಲ್ಲಿಸುವ ಜಾಗ ಎಲ್ಲ ಕಳೆದರೆ ಬದುಕಲು ಉಳಿಯುವುದು ಅದಕ್ಕಿಂತ ಎಷ್ಟೋ ಕಡಿಮೆ. ಗೃಹಪ್ರವೇಶದ ದಿನ ಇದ್ದ ಆ ಜಾಗ ಮುಂದೆಂದೂ ಒಂದಂಗುಲ ಹೆಚ್ಚುವುದಿಲ್ಲ. ಸಾಮಾನು ಮಾತ್ರ ಪ್ರತಿ ಹಬ್ಬಕ್ಕೆ, ಪ್ರತಿ ಹುಟ್ಟುಹಬ್ಬಕ್ಕೆ, ಪ್ರತಿ ರಿಯಾಯಿತಿ ಮಾರಾಟಕ್ಕೆ ಹೆಚ್ಚುತ್ತಲೇ ಹೋಗುತ್ತದೆ.

ಕಾಲನ್ನು ಮೊದಲು ಚಾಚಿ ಆಮೇಲೆ ಹಾಸಿಗೆ ಹುಡುಕಿದರೆ ಏನಾಗುತ್ತದೆ ಎಂಬುದನ್ನು ಫ್ರೆಂಚ್ ತತ್ತ್ವಜ್ಞಾನಿ ಡೆನಿ ಡಿಡೆರೊ ತನ್ನ ಮೇಲೇ ಕಂಡುಕೊಂಡ. ಅವನಿಗೆ ಒಂದು ಸೊಗಸಾದ ಕೆಂಪು ನಿಲುವಂಗಿ ಸಿಕ್ಕಿತು. ಅದನ್ನು ತೊಟ್ಟು ಕೂತರೆ ಹಳೆಯ ಮೇಜು ಕಳಾಹೀನವಾಗಿ ಕಂಡಿತು, ಮೇಜು ಬದಲಾಯಿಸಿದರೆ ಕುರ್ಚಿ, ಕುರ್ಚಿಯಾದ ಮೇಲೆ ಗೋಡೆಯ ಚಿತ್ರಗಳು. ಹಳೆಯ ನಿಲುವಂಗಿಯನ್ನು ಬಿಟ್ಟದ್ದಕ್ಕೆ ಪರಿತಪಿಸಿ ಅವನು 1769ರಲ್ಲಿ ಒಂದು ಪ್ರಬಂಧವನ್ನೇ ಬರೆದ. ಒಂದು ವಸ್ತು ಇನ್ನೊಂದನ್ನು ಎಳೆದು ತರುವ ಈ ಸರಪಳಿಗೆ ಮಾನವಶಾಸ್ತ್ರಜ್ಞ ಗ್ರ್ಯಾಂಟ್ ಮೆಕ್ರಾಕೆನ್ 1988ರಲ್ಲಿ ಡಿಡೆರೊನ ಹೆಸರನ್ನೇ ಇಟ್ಟರು. ಹೊಸ ಮಿಕ್ಸಿ ಬಂದ ಮೇಲೂ ಹಳೆಯದು ‘ಇರಲಿ, ಯಾವತ್ತಾದರೂ ಬೇಕಾಗುತ್ತೆ’ ಎಂದು ಸಜ್ಜೆಯ ಮೇಲೇರುವ ನಮ್ಮ ಮನೆಗಳಲ್ಲಿ ಈ ಸರಪಳಿ ಇನ್ನಷ್ಟು ಭಾರ.

ಇದಕ್ಕೆ ಜಪಾನಿನ ಮೇರಿ ಕೊಂಡೊ ಹೇಳಿದ ಉಪಾಯ ಜಗತ್ತಿನಾದ್ಯಂತ ಹೆಸರಾಯಿತು. ಆಕೆಯ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂತು, 2019ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯೂ ಬಂತು. ಬಟ್ಟೆ, ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕೊನೆಗೆ ನೆನಪಿನ ವಸ್ತುಗಳು ಎಂಬ ಕ್ರಮದಲ್ಲಿ ಒಂದೊಂದನ್ನೂ ಕೈಗೆತ್ತಿಕೊಂಡು ಇದು ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕು. ಕ್ರಮ ಒಳ್ಳೆಯದೇ. ಆದರೆ ಪ್ರಶ್ನೆಯನ್ನು ವಸ್ತುವಿನ ಮುಂದಿಡುವುದರಲ್ಲಿ ಒಂದು ತೊಡಕಿದೆ. ಡೇನಿಯಲ್ ಕಾನಮನ್, ಜ್ಯಾಕ್ ನೆಟ್ಶ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರ್ಧದಷ್ಟು ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಮಗ್ಗುಗಳನ್ನು ಕೊಡಲಾಗಿತ್ತು. ಮಗ್ಗು ಸಿಕ್ಕವರು ಅದನ್ನು ಮಾರಲು ಕೇಳಿದ ಬೆಲೆ, ಸಿಗದವರು ಕೊಡಲು ಒಪ್ಪಿದ ಬೆಲೆಯ ಸುಮಾರು ಎರಡರಷ್ಟಿತ್ತು. ಕೈಗೆ ಬಂದು ಕೆಲವೇ ನಿಮಿಷಗಳಾದ ಮಗ್ಗಿಗೇ ಹೀಗಾದರೆ, ಇಪ್ಪತ್ತು ವರ್ಷದಿಂದ ಮನೆಯಲ್ಲಿರುವ ಹಿತ್ತಾಳೆ ಕೊಳಗದ ಪರವಾಗಿ ಮನಸ್ಸು ಎಷ್ಟು ವಾದ ಹೂಡೀತು!

ಗಾದೆ ವಸ್ತುವನ್ನು ಏನೂ ಕೇಳುವುದಿಲ್ಲ. ಜಾಗವನ್ನು ಕೇಳುತ್ತದೆ. ಈ ಗೂಡಿನಲ್ಲಿ ಎಷ್ಟು ಹಿಡಿಯುತ್ತದೆ? ಸೀರೆಗೆಂದು ಎರಡು ಹಲಗೆ ಎಂದು ನಿಶ್ಚಯಿಸಿದರೆ ಇಷ್ಟವಾದವು ಮೊದಲು ಒಳಗೆ ಹೋಗುತ್ತವೆ, ಹಲಗೆ ತುಂಬಿದ ಕೂಡಲೇ ತೀರ್ಮಾನ ತಾನಾಗಿ ಆಗುತ್ತದೆ. ಪ್ರತಿ ಸೀರೆಯ ಜೊತೆ ಪ್ರತ್ಯೇಕ ಜಗಳ ಬೇಕಿಲ್ಲ.

ಈ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ಇಲ್ಲಿ ಬಹುಕಾಲದಿಂದ ಬೇರೂರಿರುವ ಜೈನ ಧರ್ಮದಲ್ಲಿ ಮುನಿಗಳು ಎಲ್ಲವನ್ನೂ ತ್ಯಜಿಸುತ್ತಾರೆ. ಆದರೆ ಮನೆ, ಮಕ್ಕಳು, ವ್ಯಾಪಾರ ಇರುವ ಗೃಹಸ್ಥರಿಂದ ಅದನ್ನು ಅಪೇಕ್ಷಿಸುವುದಿಲ್ಲ. ಅವರಿಗಿರುವ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ: ಹೊಲ, ಮನೆ, ಚಿನ್ನ, ಧಾನ್ಯ, ಬಟ್ಟೆ, ಪಾತ್ರೆಗಳಿಗೆ ಇಷ್ಟೇ ಸಾಕು ಎಂಬ ಮಿತಿಯನ್ನು ತಾವೇ ಹಾಕಿಕೊಳ್ಳುವುದು. ಮಿತಿಯನ್ನು ಮೊದಲು ಹೇಳಿಕೊಂಡು ಆಮೇಲೆ ಬದುಕುವ ಈ ಕ್ರಮವೂ ಗಾದೆಯ ಕ್ರಮವೂ ಒಂದೇ. ಮಿತಿ ಯಾರದೋ ಅಪ್ಪಣೆಯಲ್ಲ, ಮನೆಯವರೇ ಕೂತು ಒಪ್ಪಿಕೊಂಡದ್ದು ಎಂಬುದೇ ಇದರ ಬಲ.

ಹಳೆಯ ತಲೆಮಾರಿನವರು ಏನನ್ನೂ ಎಸೆಯುತ್ತಿರಲಿಲ್ಲ, ಎಲ್ಲ ಅವರಿಂದ ಬಂದ ಚಾಳಿ ಎಂದು ದೂರುವವರಿದ್ದಾರೆ. ಇದು ಅನ್ಯಾಯದ ಮಾತು. ಉತ್ತರ ಕರ್ನಾಟಕದ ಮನೆಗಳಲ್ಲಿ ಸವೆದ ಸೀರೆ, ಧೋತರಗಳು ಕೌದಿಯಾದವು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ಹರಿದ ಬಟ್ಟೆಯಿಂದ ಹೊಲಿಯುವ ಕವಂದಿ ಎಂಬ ಕೌದಿಗಳಿಗೆ ಇವತ್ತು ಕಲಾಪ್ರದರ್ಶನಗಳಲ್ಲಿ ಜಾಗವಿದೆ. ಹಿಂದಿನವರ ಮನೆಗಳಲ್ಲಿ ಗಿಳಿಗೂಟಕ್ಕೆ ಒಂದೆರಡು ಅಂಗಿ, ನಾಗಂದಿಗೆಯ ಮೇಲೆ ನಾಲ್ಕಾರು ಡಬ್ಬ, ಒಂದು ಟ್ರಂಕು ಇದ್ದರೆ ಅದೇ ದೊಡ್ಡದು. ಎತ್ತಿಟ್ಟದ್ದು ಮತ್ತೆ ಕೈಗೆ ಬರುತ್ತಿತ್ತು. ಇಂದಿನ ಅಟ್ಟಕ್ಕೆ ಏರಿದ್ದು ಮನೆ ಬದಲಾಯಿಸುವ ದಿನದವರೆಗೆ ಇಳಿಯುವುದಿಲ್ಲ.

ಈ ಭಾರ ಮನೆಯವರೆಲ್ಲರ ಮೇಲೆ ಸಮನಾಗಿ ಬೀಳುವುದೂ ಇಲ್ಲ. ಲಾಸ್ ಏಂಜಲೀಸಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಕುಟುಂಬಗಳ ಮೇಲೆ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟ್ಟಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ತಮ್ಮ ಮನೆ ಗಜಿಬಿಜಿಯಾಗಿದೆ, ಕೆಲಸ ಮುಗಿದೇ ಇಲ್ಲ ಎಂಬರ್ಥದಲ್ಲಿ ಬಣ್ಣಿಸಿದ ಹೆಂಗಸರಲ್ಲಿ, ಹೊತ್ತು ಇಳಿದಂತೆ ಇಳಿಯಬೇಕಾದ ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅಷ್ಟಾಗಿ ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಈ ನಂಟು ಹಾಗೆ ಎದ್ದು ಕಾಣಲಿಲ್ಲ. ನಮ್ಮಲ್ಲೂ ಹಬ್ಬಕ್ಕೆ ಮುಂಚಿನ ಧೂಳು ಹೊಡೆಯುವ ಕೆಲಸ ಯಾರ ಪಾಲಿಗೆ ಬರುತ್ತದೆಂದು ಎಲ್ಲರಿಗೂ ಗೊತ್ತು. ಸಾಮಾನು ತರುವುದು ಎಲ್ಲರೂ, ಒರೆಸುವುದು ಒಬ್ಬಳೇ ಎಂಬ ಏರ್ಪಾಟು ಬದಲಾಗಲೇಬೇಕು.

ಒಂದು ಎಚ್ಚರಿಕೆಯೂ ಅಗತ್ಯ. ಏನನ್ನೂ ಬಿಟ್ಟುಕೊಡಲಾಗದೆ, ಮಲಗಲೂ ಜಾಗವಿಲ್ಲದಷ್ಟು ತುಂಬಿಕೊಳ್ಳುವುದು ಸೋಮಾರಿತನವಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯೆಂದೇ ಗುರುತಿಸಿದೆ. ಅಂಥವರಿಗೆ ಗಾದೆಯ ಉಪದೇಶವಲ್ಲ, ವೈದ್ಯರ ನೆರವು ಬೇಕು.

ತೆಗೆದದ್ದು ಎಲ್ಲಿಗೆ ಹೋಗಬೇಕು ಎಂಬುದು ಉಳಿದ ಪ್ರಶ್ನೆ. ಕಬ್ಬಿಣ, ಹಳೇ ಪೇಪರಿಗೆ ಗುಜರಿ ಅಂಗಡಿಯಿದೆ, ಪುಸ್ತಕಗಳಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಜಾಗಗಳಿವೆ. ಉಡಬಹುದಾದ ಬಟ್ಟೆಯನ್ನು ಅಂಶು ಗುಪ್ತ 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆ ಸಂಗ್ರಹಿಸಿ, ಹಳ್ಳಿಗಳಲ್ಲಿ ಜನರು ಮಾಡುವ ಊರಿನ ಕೆಲಸಕ್ಕೆ ಪ್ರತಿಫಲವಾಗಿ ಕೊಡುತ್ತದೆ. ಕೆಟ್ಟ ಮೊಬೈಲು, ಚಾರ್ಜರು, ಬ್ಯಾಟರಿಗಳನ್ನು ಮಾತ್ರ ಕಸದ ಬುಟ್ಟಿಗೂ ಹಾಕಬಾರದು, ಕಂಡಕಂಡವರಿಗೂ ಕೊಡಬಾರದು. ದಾಬಸ್‌ಪೇಟೆಯ ಇ-ಪರಿಸರದಂಥ ಅಧಿಕೃತ ಇ-ತ್ಯಾಜ್ಯ ಘಟಕಗಳು ಇರುವುದೇ ಅದಕ್ಕೆ. ಅಂಕಪಟ್ಟಿಗಳ ಪ್ರತಿಯನ್ನು ಡಿಜಿಲಾಕರಿನಲ್ಲಿ ಇಟ್ಟುಕೊಳ್ಳಬಹುದು, ಆದರೆ ಕ್ರಯಪತ್ರದ ಮೂಲ ಪ್ರತಿಯನ್ನು ಯಾವ ಕಾರಣಕ್ಕೂ ರದ್ದಿಗೆ ಸೇರಿಸಬೇಡಿ.

ಮುಂದಿನ ಹಬ್ಬಕ್ಕೆ ಮನೆ ಶುಚಿಗೊಳಿಸಲು ಹೊರಟವರು ಇಡೀ ಮನೆಗೆ ಕೈಹಾಕುವುದು ಬೇಡ. ಅಡುಗೆಮನೆಯ ಒಂದು ಗೂಡನ್ನು ಪೂರ್ತಿ ಖಾಲಿ ಮಾಡಿ, ಒರೆಸಿ, ದಿನವೂ ಬಳಸುವ ಪಾತ್ರೆಗಳನ್ನು ಮೊದಲು ಜೋಡಿಸಿ. ಗೂಡು ತುಂಬಿದ ಮೇಲೆ ಹೊರಗುಳಿದದ್ದನ್ನು ಅಟ್ಟಕ್ಕೇರಿಸದೆ ಆ ವಾರವೇ ಬೇಕಾದವರಿಗೆ ಕೊಟ್ಟುಬಿಡಿ.