ವಿದ್ಯಾಲಯವನ್ನು ಅರಿತು ಆರಿಸುವುದು



ಎತ್ತನ್ನು ಕೊಳ್ಳಲು ಸಂತೆಗೆ ಹೋದ ರೈತನು ಅದರ ಹಲ್ಲನ್ನೆಣಿಸುವನು, ಸುಳಿಯನ್ನು ನೋಡುವನು, ನೊಗ ಹೂಡಿ ನಡೆಸಿ ನೋಡುವನು. ಅದೇ ರೈತನು ತನ್ನ ಮಗನನ್ನು ನಾಲ್ಕು ವರ್ಷ ಒಪ್ಪಿಸಬೇಕಾದ ಕಾಲೇಜನ್ನು ಮಾತ್ರ ಮಹಾದ್ವಾರವನ್ನೂ ಜಾಹೀರಾತನ್ನೂ ಕಂಡಷ್ಟಕ್ಕೇ ಆರಿಸಿಬಿಡುವನು.

ಇಂಥ ಒಬ್ಬ ಗೃಹಸ್ಥನು, ಬಂಧುವಿನ ಮಗನು ಸೇರಿದ ಕಾಲೇಜಿಗೇ ತನ್ನ ಮಗನೂ ಸೇರತಕ್ಕದ್ದೆಂದು ಹಟತೊಟ್ಟು, ಎರಡೆಕರೆ ಹೊಲವನ್ನು ಅಡವಿಟ್ಟು ಶುಲ್ಕವನ್ನು ಕಟ್ಟಿದನು. ಹುಡುಗನಿಗೆ ಆ ಶಾಸ್ತ್ರದಲ್ಲಿ ಒಲವುಂಟೇ, ಅದನ್ನು ಬೋಧಿಸುವವರು ಅಲ್ಲಿರುವರೇ ಎಂದು ಯಾರೂ ವಿಚಾರಿಸಲಿಲ್ಲ. ಎರಡನೆಯ ವರ್ಷದಲ್ಲಿ ಹುಡುಗನು ಓದನ್ನು ಬಿಟ್ಟು ಬಂದು, ತಂದೆಯ ಮುಖವನ್ನು ನೋಡಲಾರದೆ, ಪಡಸಾಲೆಯ ಕಂಬಕ್ಕೊರಗಿ ಕುಳಿತನು. ಹೊಲದ ಚಿಂತೆಗಿಂತ ಮಗನ ಮೌನವೇ ತಂದೆಗೆ ಭಾರವಾಯಿತು.

ಪರೀಕ್ಷಿಸುವುದು ಸಂಶಯವಲ್ಲವೇ, ಶಿವಚಿತ್ತವೆಂದು ನಡೆದರೆ ಸಾಲದೇ ಎಂದು ಕೆಲವರು ಕೇಳುವರು. ಶರಣರ ಮಾರ್ಗವು ಹಾಗಿಲ್ಲ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುದೇವರು ಪ್ರಶ್ನೆಯ ಮೇಲೆ ಪ್ರಶ್ನೆಯನ್ನಿಟ್ಟು ಆಕೆಯ ನಿಲವನ್ನು ಒರೆಗೆ ಹಚ್ಚಿದುದನ್ನು ಶೂನ್ಯಸಂಪಾದನೆಯು ತಿಳಿಸುವುದು. ಅದರಿಂದ ಅಕ್ಕನಿಗೆ ಕುಂದು ಬರಲಿಲ್ಲ. ಆಕೆಯ ನಿಲವು ಎಲ್ಲರಿಗೂ ಬೆಳಗಿತು. ಅರಿವನ್ನೇ ಗುರುವೆಂದು ಕಂಡ ಧರ್ಮದಲ್ಲಿ ಅರಿಯದೆ ಅಡಿಯಿಡುವುದು ಭಕ್ತಿಯಲ್ಲ.

ಪರೀಕ್ಷೆಯಲ್ಲಿ ಮೊದಲನೆಯದು ಮಾನ್ಯತೆ. 1956ರ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಕಾಯಿದೆಯ ಮೇರೆಗೆ, ಶಾಸನಬದ್ಧ ವಿಶ್ವವಿದ್ಯಾನಿಲಯಗಳಿಗೂ ಆ ಅಧಿಕಾರವನ್ನು ಪಡೆದ ಸಂಸ್ಥೆಗಳಿಗೂ ಹೊರತು ಅನ್ಯರಿಗೆ ಪದವಿ ನೀಡುವ ಹಕ್ಕಿಲ್ಲ. ಹುಸಿ ವಿಶ್ವವಿದ್ಯಾನಿಲಯಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುವುದು. 1994ರಲ್ಲಿ ಸ್ಥಾಪಿತವಾದ ನ್ಯಾಕ್ ಸಂಸ್ಥೆಯ ಮನ್ನಣೆಯು ನಿಯತ ಅವಧಿಗೆ ಮಾತ್ರ ಸಲ್ಲುವುದರಿಂದ, ಫಲಕದ ಮೇಲೆ ಆ ಅವಧಿಯನ್ನೂ ಓದಬೇಕು. ಎರಡನೆಯದು ಬೋಧನೆ. ಪಾಠ ನಡೆಯುವ ದಿನದಲ್ಲಿ ಹೋಗಿ ಗ್ರಂಥಾಲಯ, ಪ್ರಯೋಗಶಾಲೆಗಳನ್ನು ಕಂಡು, ಅಲ್ಲಿ ಓದುತ್ತಿರುವ ಹಿರಿಯ ವಿದ್ಯಾರ್ಥಿಗಳನ್ನು ಕೇಳಬೇಕು. ಮೂರನೆಯದು ವೆಚ್ಚ. ಮೊದಲ ವರ್ಷದ ಶುಲ್ಕವೊಂದನ್ನೇ ನೋಡದೆ, ವಸತಿ, ಊಟ, ಪುಸ್ತಕಗಳನ್ನೂ ಕೂಡಿಸಿ ಕಡೆಯ ವರ್ಷದವರೆಗೆ ಲೆಕ್ಕ ಹಾಕಬೇಕು. ಮೂರು ನಾಲ್ಕು ಕಾಲೇಜುಗಳ ಈ ವಿವರಗಳನ್ನು ಒಂದೇ ಹಾಳೆಯಲ್ಲಿ ಬರೆದಿಟ್ಟರೆ ತಾರತಮ್ಯವು ತಾನಾಗಿ ತೋರುವುದು.

ಸಿ.ಇ.ಟಿ. ಬರೆದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು, ಅವರ ರ್‍ಯಾಂಕನ್ನೂ ಅವರೇ ಬರೆದ ಆದ್ಯತೆಯ ಕ್ರಮವನ್ನೂ ನೋಡಿ ಸೀಟು ಹಂಚುವುದು. ಮೇಲೆ ಬರೆದುದು ದೊರೆತರೆ ಆ ಸುತ್ತಿನಲ್ಲಿ ಅದರ ಕೆಳಗಿನದು ದೊರೆಯದು. ಆದಕಾರಣ ನೆರೆಯವರ ಪಟ್ಟಿಯನ್ನು ನಕಲು ಮಾಡುವುದು ಅವಿವೇಕವು.

ಇಷ್ಟೆಲ್ಲಕ್ಕೂ ಮೊದಲು ಕೇಳತಕ್ಕ ಪ್ರಶ್ನೆ ಒಂದುಂಟು: ಈ ವಿದ್ಯೆಯಿಂದ ಮಗುವು ಯಾವ ಕಾಯಕವನ್ನು ಮನಸಾರೆ ಮಾಡುವುದು? ಕಾಯಕಕ್ಕೆ ಅಣಿಮಾಡದ ವಿದ್ಯಾಲಯವು ಎಷ್ಟು ಎತ್ತರವಿದ್ದರೂ ಬರಿಯ ಕಟ್ಟಡವು.

ಆ ಗೃಹಸ್ಥನ ಕಿರಿಯ ಮಗಳ ಸರದಿ ಬಂದಿತು. ಒಂದು ಪ್ರಾತಃಕಾಲ ಲಿಂಗಪೂಜೆಯನ್ನು ಮುಗಿಸಿ ಆತನು ಆಕೆಯನ್ನೂ ಅಣ್ಣನನ್ನೂ ಬಳಿಯಲ್ಲಿ ಕುಳ್ಳಿರಿಸಿಕೊಂಡು, “ನಿನಗೇನು ಬೇಕವ್ವಾ, ಹೇಳು” ಎಂದನು. ಹಾಳೆಯ ಮೇಲೆ ಗೆರೆಯನ್ನೆಳೆದು ಕಾಲೇಜುಗಳ ಹೆಸರನ್ನು ಬರೆಯತೊಡಗಿದವನು, ಅದುವರೆಗೆ ಮೌನವಾಗಿದ್ದ ಆ ಅಣ್ಣನೇ.